ಎದೆಹಾಲಿನ ಮೈಕ್ರೋಆರ್‌ಎನ್‌ಎ ಮಗುವಿನ ಜೀನ್ ಬದಲಿಸುತ್ತಾ?

"ತಾಯಿಯ ಹಾಲು ಮಗುವಿನ ಜೀನ್‌ಗಳನ್ನೇ ಬದಲಾಯಿಸುತ್ತದೆ." ಇಂಥದ್ದೊಂದು ಸಾಲು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಮನೆಯಲ್ಲಿ ಬಾಣಂತಿ ಇದ್ದರಂತೂ ಇಂಥವು ಹುಡುಕಿಕೊಂಡು ಬರುತ್ತವೆ. 2024ರ ಅಕ್ಟೋಬರ್‌ನಲ್ಲಿ ವೈದ್ಯಕೀಯ ನೊಬೆಲ್ ಬಹುಮಾನ ಮೈಕ್ರೋಆರ್‌ಎನ್‌ಎ ಕಂಡುಹಿಡಿದ ಇಬ್ಬರಿಗೆ ಸಿಕ್ಕಿತು. ಅಲ್ಲಿಯವರೆಗೆ ಪ್ರಯೋಗಾಲಯದೊಳಗೇ ಇದ್ದ ಹೆಸರು ಆಮೇಲೆ ಎಲ್ಲರ ಬಾಯಿಗೂ ಬಂತು.

ಎದೆಹಾಲಿನಲ್ಲಿ ಮೈಕ್ರೋಆರ್‌ಎನ್‌ಎ ಇದೆ. ಅದು ಖಚಿತ, ಬೇಕಾದಷ್ಟು ಇದೆ. ಆದರೆ ಅದು ಮಗುವಿನ ಮೈಯೊಳಗೆ ಹೋಗಿ ಕೆಲಸ ಮಾಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ, ಅದರ ಮೇಲೆ ವಿಜ್ಞಾನಿಗಳು ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ವಾದ ಮಾಡುತ್ತಿದ್ದಾರೆ. ಆ ವಾದ ಏನು ಅಂತ ತಿಳಿಯಬೇಕಾದರೆ ಮೊದಲು ಜೀನ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ನೋಡಬೇಕು.

ಬೋರ್ಡ್ ಒಂದೇ, ಚೀಟಿ ಬೇರೆ

ದರ್ಶಿನಿಯ ಮೆನು ಬೋರ್ಡ್ ನೋಡಿರುತ್ತೀರಿ. ಇಡ್ಲಿ, ವಡೆ, ಖಾರಾಬಾತ್, ಸೆಟ್ ದೋಸೆ, ಕಾಫಿ. ಬೋರ್ಡ್ ಮೇಲೆ ಬರೆದದ್ದೆಲ್ಲ ಒಂದೇ ಸಲ ತಯಾರಾಗುವುದಿಲ್ಲ. ಕ್ಯಾಶ್ ಕೌಂಟರಿನಲ್ಲಿ ಚೀಟಿ ಹರಿದು ಕೊಡುತ್ತಾರೆ, ಆ ಚೀಟಿ ಅಡುಗೆಯವರ ಕೈಗೆ ಹೋದರೆ ಮಾತ್ರ ಹಿಟ್ಟು ಕಾವಲಿ ಮೇಲೆ ಬೀಳುತ್ತದೆ.

ನಮ್ಮ ಜೀವಕೋಶದೊಳಗೂ ಹೆಚ್ಚೂಕಡಿಮೆ ಹೀಗೇ. ಮೆನು ಬೋರ್ಡ್ ಅಂದರೆ ಡಿಎನ್‌ಎ. ಅದರ ಮೇಲಿನ ಒಂದೊಂದು ಐಟಂ ಒಂದೊಂದು ಜೀನ್. ಪ್ರೋಟೀನ್ ತಯಾರಿಸುವ ಜೀನ್‌ಗಳು ಮನುಷ್ಯನಲ್ಲಿ ಸುಮಾರು 20,000 ಇವೆ. ಜೀನ್‌ನಿಂದ ಬರೆದುಕೊಂಡ ಚೀಟಿಯೇ ಎಂಆರ್‌ಎನ್‌ಎ. ಕೋವಿಡ್ ಲಸಿಕೆಯ ಕಾಲದಲ್ಲಿ ಈ ಹೆಸರು ಕೇಳಿದ್ದೀರಿ, ಅದೇ ಇದು. ಚೀಟಿ ನೋಡಿ ತಯಾರಾಗುವ ದೋಸೆಯೇ ಪ್ರೋಟೀನ್.

ಕಣ್ಣಿನ ಕೋಶದಲ್ಲೂ ಕರುಳಿನ ಕೋಶದಲ್ಲೂ ಬೋರ್ಡ್ ಒಂದೇ. ಯಾವ ಚೀಟಿ ಎಷ್ಟು ಹೋಗುತ್ತದೆ ಎನ್ನುವುದರಿಂದ ಒಂದು ಕಣ್ಣಾಗುತ್ತದೆ, ಇನ್ನೊಂದು ಕರುಳಾಗುತ್ತದೆ.

ಈಗ ಅಡುಗೆಮನೆಯ ಬಾಗಿಲಲ್ಲಿ ಒಬ್ಬ ನಿಂತಿದ್ದಾನೆ ಅಂದುಕೊಳ್ಳಿ. ಅವನ ಕೈಯಲ್ಲಿ ಪುಟ್ಟ ಪಟ್ಟಿ ಇದೆ. ಪಟ್ಟಿಗೆ ಹೊಂದುವ ಚೀಟಿ ಬಂದರೆ "ಇದು ಸದ್ಯಕ್ಕೆ ಸಾಕು" ಅಂತ ಪಕ್ಕಕ್ಕೆ ಎತ್ತಿಡುತ್ತಾನೆ, ಇಲ್ಲವೇ ಹರಿದು ಹಾಕುತ್ತಾನೆ. ಅವನೇ ಮೈಕ್ರೋಆರ್‌ಎನ್‌ಎ. ಬೋರ್ಡನ್ನು ಅವನು ಮುಟ್ಟುವುದಿಲ್ಲ. ಬೋರ್ಡಿನ ಅಕ್ಷರ ಒಂದೂ ಬದಲಾಗುವುದಿಲ್ಲ. ಹಾಗಾಗಿ "ಜೀನ್ ಬದಲಾಯಿಸುತ್ತದೆ" ಎನ್ನುವ ಮಾತು ಇಲ್ಲಿಯೇ ಅರ್ಧ ಬಿದ್ದುಹೋಗುತ್ತದೆ. ಜಾಸ್ತಿ ಅಂದರೆ, ಜೀನ್‌ನ ಕೆಲಸ ಎಷ್ಟು ನಡೆಯಬೇಕು ಎನ್ನುವುದನ್ನು ಇದು ಏರಿಳಿಸುತ್ತದೆ.

ಗಾತ್ರದಲ್ಲಿ ಇದು ನಿಜಕ್ಕೂ ಚಿಕ್ಕದು. ಎಂಆರ್‌ಎನ್‌ಎ ಸಾವಿರಾರು ಅಕ್ಷರ ಉದ್ದ ಇರಬಹುದು. ಮೈಕ್ರೋಆರ್‌ಎನ್‌ಎ ಸುಮಾರು 22 ಅಕ್ಷರ, ಅಷ್ಟೇ. ಮೊದಲು ಉದ್ದವಾಗಿಯೇ ತಯಾರಾಗುತ್ತದೆ. ಡ್ರೋಷಾ ಮತ್ತು ಡೈಸರ್ ಎಂಬ ಎರಡು ಕಿಣ್ವಗಳು ಅದನ್ನು ಕತ್ತರಿಸಿ ಗಿಡ್ಡ ಮಾಡುತ್ತವೆ. ಆಮೇಲೆ ಆರ್ಗೊನಾಟ್ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡು ಹೊಂದುವ ಚೀಟಿ ಹುಡುಕುತ್ತದೆ. ಚೀಟಿಯ ಪೂರ್ತಿ ಬರಹ ಹೊಂದಬೇಕಿಲ್ಲ, ಏಳೆಂಟು ಅಕ್ಷರ ಹೊಂದಿದರೂ ಸಾಕು. ಅದಕ್ಕೇ ಒಂದೇ ಮೈಕ್ರೋಆರ್‌ಎನ್‌ಎ ನೂರಾರು ಬೇರೆ ಬೇರೆ ಜೀನ್‌ಗಳ ಚೀಟಿ ತಡೆಯಬಲ್ಲದು.

ಹುಳುವಿನಲ್ಲಿ ಸಿಕ್ಕಿದ್ದು

ಕಥೆ ಶುರುವಾದದ್ದು ಹಾಲಿನಲ್ಲಿ ಅಲ್ಲ, ಹುಳುವಿನಲ್ಲಿ. ಮಣ್ಣಿನಲ್ಲಿರುವ, ಒಂದು ಮಿಲಿಮೀಟರ್ ಉದ್ದದ, ಕಣ್ಣಿಗೆ ಸರಿಯಾಗಿ ಕಾಣದ ಹುಳು. ಆಮೇಲೆ ನೊಬೆಲ್ ಪಡೆದ ಆ ಇಬ್ಬರು, ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್, ಈ ಹುಳುವಿನ ಬೆಳವಣಿಗೆ ಹಂತ ತಪ್ಪುವುದು ಏಕೆ ಅಂತ ನೋಡುತ್ತಿದ್ದರು. ಲಿನ್-4 ಎಂಬ ಜೀನ್ ಲಿನ್-14 ಎಂಬ ಇನ್ನೊಂದನ್ನು ತಡೆಯುತ್ತದೆ ಎಂಬುದು ಗೊತ್ತಿತ್ತು. ಹೇಗೆ ಎಂಬುದು ಗೊತ್ತಿರಲಿಲ್ಲ. ಲಿನ್-4 ಪ್ರೋಟೀನನ್ನೇ ತಯಾರಿಸುವುದಿಲ್ಲ, ಬರೀ ಒಂದು ಗಿಡ್ಡ ಆರ್‌ಎನ್‌ಎ ತಯಾರಿಸುತ್ತದೆ ಅಂತ ಆಂಬ್ರೋಸ್ ಕಂಡುಕೊಂಡರು. ಅದರ ಅಕ್ಷರಗಳು ಲಿನ್-14ರ ಚೀಟಿಯ ತುದಿಗೆ ಹೊಂದುತ್ತಿದ್ದವು. ಇಬ್ಬರೂ 1993ರಲ್ಲಿ ಇದನ್ನು ಪ್ರಕಟಿಸಿದರು.

ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಹುಳುವಿನ ವಿಚಿತ್ರ, ನಮಗೇನು ಅಂತ ಬಿಟ್ಟರು. 2000ದಲ್ಲಿ ರವ್ಕನ್ ತಂಡ ಲೆಟ್-7 ಎಂಬ ಇನ್ನೊಂದನ್ನು ತೋರಿಸಿತು, ಅದು ಮನುಷ್ಯನೂ ಸೇರಿ ಬಹಳಷ್ಟು ಪ್ರಾಣಿಗಳಲ್ಲಿ ಇತ್ತು. ಅಲ್ಲಿಂದ ಎಲ್ಲರೂ ಹುಡುಕಲು ಶುರು ಮಾಡಿದರು. ಮನುಷ್ಯರಲ್ಲಿ ಈಗ ಸಾವಿರಕ್ಕೂ ಹೆಚ್ಚು ಬಗೆ ಗೊತ್ತಿವೆ.

ಹಾಲಿಗೆ ಬರುವುದು ಹೇಗೆ?

ಮೈಕ್ರೋಆರ್‌ಎನ್‌ಎ ಕೋಶದೊಳಗೇ ಇರುವ ವಸ್ತು ಅಂತ ಮೊದಲು ಎಲ್ಲರೂ ಅಂದುಕೊಂಡಿದ್ದರು. ಆಮೇಲೆ ರಕ್ತ, ಜೊಲ್ಲು, ಕಣ್ಣೀರು, ಮೂತ್ರ, ಎಲ್ಲದರಲ್ಲೂ ಸಿಕ್ಕಿತು. 2010ರಲ್ಲಿ ಮನುಷ್ಯ ದೇಹದ 12 ಬಗೆಯ ದ್ರವಗಳನ್ನು ಒಟ್ಟಿಗೆ ಪರೀಕ್ಷೆ ಮಾಡಿದಾಗ ಎದೆಹಾಲು ಮುಂದಿನ ಸಾಲಿನಲ್ಲೇ ಇತ್ತು. ಅದೇ ವರ್ಷ ಜಪಾನಿನ ಸಂಶೋಧಕರು ರೋಗನಿರೋಧಕ ಶಕ್ತಿಗೆ ಸಂಬಂಧಪಟ್ಟ ಹಲವು ಮೈಕ್ರೋಆರ್‌ಎನ್‌ಎಗಳು ಎದೆಹಾಲಿನಲ್ಲಿವೆ, ಅದರಲ್ಲೂ ಮೊದಲ ಆರು ತಿಂಗಳ ಹಾಲಿನಲ್ಲಿ ಜಾಸ್ತಿ ಇವೆ ಅಂತ ಬರೆದರು. 2012ರಲ್ಲಿ ಚೀನಾದ ಒಂದು ತಂಡ 602 ಬಗೆ ಎಣಿಸಿತು.

ಇವು ಬಹುಪಾಲು ತಾಯಿಯ ಎದೆಯಲ್ಲಿ ಹಾಲು ತಯಾರಿಸುವ ಕೋಶಗಳಲ್ಲೇ ಹುಟ್ಟುತ್ತವೆ. ಹಾಲಿಗೆ ಬರುವ ದಾರಿ ಒಂದಲ್ಲ. ಕೋಶಗಳು ತಮ್ಮೊಳಗಿನ ಸ್ವಲ್ಪವನ್ನು ತೀರಾ ಪುಟ್ಟ ಗುಳ್ಳೆಗಳಲ್ಲಿ ಕಟ್ಟಿ ಹೊರಗೆ ಬಿಡುತ್ತವೆ. ಇವಕ್ಕೆ ಎಕ್ಸೋಸೋಮ್ ಎನ್ನುತ್ತಾರೆ. ತಲೆಗೂದಲ ದಪ್ಪದಲ್ಲಿ ಸಾವಿರದ ಒಂದು ಭಾಗದಷ್ಟು ಗಾತ್ರ ಇವುಗಳದ್ದು. ಇನ್ನೊಂದು ದಾರಿ ಹಾಲಿನ ಕೊಬ್ಬು. ಕೊಬ್ಬಿನ ಹನಿ ಕೋಶದಿಂದ ಹೊರಗೆ ಬರುವಾಗ ಕೋಶದ ಪೊರೆಯನ್ನೇ ಸುತ್ತಿಕೊಂಡು ಬರುತ್ತದೆ, ಜೊತೆಗೆ ಒಳಗಿನ ದ್ರವವೂ ಒಂದಿಷ್ಟು ಅಂಟಿಕೊಂಡಿರುತ್ತದೆ. ಮೂರನೆಯದು, ಹಾಲಿನಲ್ಲಿ ತಾಯಿಯ ಜೀವಂತ ಕೋಶಗಳೇ ಇರುತ್ತವೆ. ಹೌದು, ಜೀವಂತ ಕೋಶಗಳು. ಪ್ಯಾಕೆಟ್ ಹಾಲು ನೋಡಿ ಬೆಳೆದ ನಮಗೆ ಹಾಲು ಬರೀ ಬಿಳಿ ನೀರಿನ ಥರ ಕಾಣುತ್ತದೆ, ಅಷ್ಟೇ.

ಎಲ್ಲಕ್ಕಿಂತ ಜಾಸ್ತಿ ಸಿಗುವುದು ಮಿರ್-148ಎ ಎಂಬುದು. ಹಸು ಹಾಲಿನಲ್ಲೂ ಇದು ಹೇರಳ, ಅಕ್ಷರಗಳೂ ಅವೇ. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೊಟ್ಟೆಯಲ್ಲಿ ಕರಗಿಹೋಗುವುದಿಲ್ಲವಾ?

ಆರ್‌ಎನ್‌ಎ ತುಂಬಾ ನಾಜೂಕು. ಅದನ್ನು ಕತ್ತರಿಸುವ ಕಿಣ್ವಗಳು ನಮ್ಮ ಬೆರಳ ಮೇಲೂ ಇರುತ್ತವೆ. ಪ್ರಯೋಗಾಲಯದಲ್ಲಿ ಕೈಗವಸು ಹಾಕದೆ ಆರ್‌ಎನ್‌ಎ ಮುಟ್ಟಿದರೆ ಪ್ರಯೋಗವೇ ಕೆಡುತ್ತದೆ. ಹಾಗಿರುವಾಗ ಮಗುವಿನ ಹೊಟ್ಟೆಯಲ್ಲಿ ಇದು ಉಳಿಯುವುದುಂಟೇ?

ಉಳಿಯುತ್ತದೆ, ಸ್ವಲ್ಪ ಮಟ್ಟಿಗೆ. ಹಸು ಹಾಲಿನ ತಿಳಿಗೆ ಪ್ರಯೋಗಾಲಯದಲ್ಲಿ ತಯಾರಿಸಿದ ಬರಿ ಆರ್‌ಎನ್‌ಎ ಬೆರೆಸಿ ನೋಡಿದಾಗ ಅದು ಬೇಗ ಹಾಳಾಯಿತು, ಹಾಲಿನಲ್ಲಿ ಮೊದಲೇ ಇದ್ದದ್ದು ಮಾತ್ರ ಉಳಿಯಿತು. ಅಂದರೆ ಕಾಪಾಡುವುದು ಆ ಗುಳ್ಳೆ ಮತ್ತು ಪೊರೆ. ಹಸುಗೂಸಿನ ಹೊಟ್ಟೆಯೂ ನಮ್ಮ ಹೊಟ್ಟೆಯಷ್ಟು ಹುಳಿ ಅಲ್ಲ, ಜೀರ್ಣದ ಕಿಣ್ವಗಳೂ ಪೂರ್ತಿ ಬಲಿತಿರುವುದಿಲ್ಲ. ಮಗುವಿನ ಜೀರ್ಣಕ್ರಿಯೆಯನ್ನು ಗಾಜಿನ ಪಾತ್ರೆಯಲ್ಲಿ ಅನುಕರಿಸಿದ ಪ್ರಯೋಗಗಳಲ್ಲಿ ಎದೆಹಾಲಿನ ಎಕ್ಸೋಸೋಮ್‌ಗಳ ಮೈಕ್ರೋಆರ್‌ಎನ್‌ಎ ಉಳಿದುಕೊಂಡಿತು, ಮನುಷ್ಯ ಕರುಳಿನ ಕೋಶಗಳು ಆ ಗುಳ್ಳೆಗಳನ್ನು ಒಳಗೆಳೆದುಕೊಂಡವು ಕೂಡ.

ಉಳಿದ ಮೇಲೆ ಏನು ಮಾಡುತ್ತದೆ?

ನಿಜವಾದ ಜಗಳ ಇಲ್ಲಿದೆ.

ಒಂದು ಪಕ್ಷ ಹೇಳುವುದು ಹೀಗೆ. ತಾಯಿ ಹಾಲಿನ ಮೂಲಕ ಮಗುವಿಗೆ ಊಟದ ಜೊತೆ ಸೂಚನೆಯನ್ನೂ ಕಳಿಸುತ್ತಾಳೆ. ಆ ಮೈಕ್ರೋಆರ್‌ಎನ್‌ಎ ಕರುಳು ದಾಟಿ, ರಕ್ತಕ್ಕೆ ಸೇರಿ, ಮಗುವಿನ ರೋಗನಿರೋಧಕ ಶಕ್ತಿಯನ್ನೂ ಬೆಳವಣಿಗೆಯನ್ನೂ ತಿದ್ದುತ್ತದೆ. ಇವರಿಗೆ ಮಿರ್-148ಎ ಬಹಳ ಇಷ್ಟ. ಏಕೆಂದರೆ ಅದು ತಡೆಯುವ ಚೀಟಿಗಳಲ್ಲಿ ಡಿಎನ್‌ಎಂಟಿ-1 ಎಂಬ ಪ್ರೋಟೀನ್‌ನದ್ದೂ ಇದೆ. ಈ ಪ್ರೋಟೀನ್ ಡಿಎನ್‌ಎ ಮೇಲೆ ರಾಸಾಯನಿಕ ಗುರುತು ಹಾಕುತ್ತದೆ, ಮೆನು ಬೋರ್ಡಿನಲ್ಲಿ ಒಂದು ಐಟಂ ಮೇಲೆ ಕಾಗದ ಅಂಟಿಸಿ ಮುಚ್ಚಿದ ಹಾಗೆ. ಅಕ್ಷರ ಅಳಿಸುವುದಿಲ್ಲ, ಆದರೆ ಆ ಐಟಂ ಸಿಗುವುದಿಲ್ಲ. ಮಿರ್-148ಎ ಹೆಚ್ಚಾದರೆ ಡಿಎನ್‌ಎಂಟಿ-1 ಕಡಿಮೆಯಾಗುತ್ತದೆ, ಆಗ ಮುಚ್ಚಿದ್ದ ಜೀನ್‌ಗಳು ತೆರೆದುಕೊಳ್ಳಬಹುದು. ಇಸ್ರೇಲಿನ ಸಂಶೋಧಕರು 2017ರಲ್ಲಿ ಹಾಲಿನ ಎಕ್ಸೋಸೋಮ್‌ಗಳನ್ನು ಕೋಶಗಳಿಗೆ ಹಾಕಿದಾಗ ಹಾಗೇ ಆಯಿತು, ಮಿರ್-148ಎ ಏರಿತು, ಡಿಎನ್‌ಎಂಟಿ-1 ಇಳಿಯಿತು. "ಮಗುವಿನ ಜೀನ್ ಬದಲಾಯಿಸುತ್ತದೆ" ಎನ್ನುವ ಮಾತಿನ ಬೇರು ಇಂಥ ಕೆಲಸಗಳಲ್ಲಿದೆ. ಆದರೆ ಗಮನಿಸಿ, ಅದು ಪಾತ್ರೆಯಲ್ಲಿ ಬೆಳೆಸಿದ ಕೋಶ. ಮಗು ಅಲ್ಲ.

ಇನ್ನೊಂದು ಪಕ್ಷ ಕೇಳುವುದು ಸರಳ ಪ್ರಶ್ನೆ: ಮಗುವಿನ ರಕ್ತದಲ್ಲಿ ಮಿರ್-148ಎ ಸಿಕ್ಕರೆ ಅದು ಹಾಲಿನಿಂದ ಬಂದದ್ದು ಅಂತ ಹೇಗೆ ಹೇಳುತ್ತೀರಿ? ಮಗುವಿನ ಸ್ವಂತ ಕೋಶಗಳೂ ಅದನ್ನೇ ತಯಾರಿಸುತ್ತವೆ. ಅಕ್ಷರ ಅವೇ, ಗುರುತು ಹಿಡಿಯುವುದು ಸಾಧ್ಯವೇ ಇಲ್ಲ.

ಇದಕ್ಕೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಒಂದು ಜಾಣ ಪ್ರಯೋಗ ಮಾಡಿದರು. ಫಲಿತಾಂಶ 2015ರಲ್ಲಿ ಬಂತು. ಕೆಲವು ಮೈಕ್ರೋಆರ್‌ಎನ್‌ಎಗಳನ್ನು ತಾವೇ ತಯಾರಿಸಲಾಗದ ಇಲಿಮರಿಗಳನ್ನು ತೆಗೆದುಕೊಂಡರು. ಅವನ್ನು ಮಾಮೂಲಿ ತಾಯಿ ಇಲಿಯ ಹತ್ತಿರ ಹಾಲಿಗೆ ಬಿಟ್ಟರು. ಈಗ ಮರಿಯ ಮೈಯಲ್ಲಿ ಆ ಮೈಕ್ರೋಆರ್‌ಎನ್‌ಎ ಸಿಕ್ಕರೆ ಅದು ಹಾಲಿನಿಂದಲೇ ಬಂದಿರಬೇಕು, ಬೇರೆ ದಾರಿ ಇಲ್ಲ. ಮರಿಗಳ ಹೊಟ್ಟೆಯಲ್ಲಿ ಅದು ಧಾರಾಳವಾಗಿ ಸಿಕ್ಕಿತು. ರಕ್ತದಲ್ಲಿ ಏರಿಕೆ ಕಾಣಲಿಲ್ಲ, ಅಂಗಾಂಗಗಳಲ್ಲೂ ಇಲ್ಲ. ಹಾಲಿನ ಮೈಕ್ರೋಆರ್‌ಎನ್‌ಎ ಸೂಚನೆ ಅಲ್ಲ, ಜೀರ್ಣವಾಗಿ ಒಡೆದು ಪೋಷಣೆಯಾಗುವ ವಸ್ತು ಇರಬೇಕು ಅಂತ ಅವರು ಬರೆದರು.

ಲೆಕ್ಕವೂ ಒಂದು ತೊಡಕು. ಒಂದು ಕೋಶದಲ್ಲಿ ಮೈಕ್ರೋಆರ್‌ಎನ್‌ಎ ಪರಿಣಾಮ ಕಾಣಬೇಕಾದರೆ ಅದರ ಒಂದೆರಡು ಪ್ರತಿ ಸಾಲದು, ನೂರಾರು ಸಾವಿರಾರು ಬೇಕು. ಕೋಟ್ಯಂತರ ಕೋಶಗಳಿಗೆ ಅಷ್ಟು ಹಂಚುವಷ್ಟು ಹಾಲಿನಿಂದ ಒಳಗೆ ಹೋಗುತ್ತದೆಯೇ ಎಂಬುದು ಅನುಮಾನ ಪಡುವವರ ಪ್ರಶ್ನೆ. ಆಹಾರದ ಮೈಕ್ರೋಆರ್‌ಎನ್‌ಎ ವಿಷಯದಲ್ಲಿ ವಿಜ್ಞಾನಿಗಳಿಗೆ ಒಮ್ಮೆ ಕೈ ಸುಟ್ಟುಕೊಂಡ ಅನುಭವವೂ ಇದೆ. ಅನ್ನದಲ್ಲಿರುವ ಮೈಕ್ರೋಆರ್‌ಎನ್‌ಎ ಉಣ್ಣುವವರ ರಕ್ತಕ್ಕೆ ಸೇರಿ ಕೊಲೆಸ್ಟರಾಲ್ ಮೇಲೆ ಪರಿಣಾಮ ಬೀರುತ್ತದೆ ಅಂತ ಚೀನಾದ ನಾನ್‌ಜಿಂಗ್‌ನಿಂದ 2012ರಲ್ಲಿ ಒಂದು ಲೇಖನ ಬಂದು ಗುಲ್ಲೆಬ್ಬಿಸಿತ್ತು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಹಾಗೆ ಕಾಣಲಿಲ್ಲ. ಮೂರು ಹೊತ್ತು ಅನ್ನ ಉಣ್ಣುವ ನಮ್ಮ ಕಡೆಯವರ ಕೊಲೆಸ್ಟರಾಲ್ ಏನಾಗಬೇಕಿತ್ತೋ!

ಹಾಗಂತ ಮೊದಲ ಪಕ್ಷ ಸೋತು ಕೂತಿಲ್ಲ. ಬಣ್ಣದ ಗುರುತು ಹಚ್ಚಿದ ಹಾಲಿನ ಎಕ್ಸೋಸೋಮ್‌ಗಳನ್ನು ಇಲಿಗಳಿಗೆ ಕುಡಿಸಿದಾಗ ಕರುಳಿನಾಚೆಯ ಅಂಗಗಳಲ್ಲೂ ಗುರುತು ಕಂಡದ್ದುಂಟು. ಇಲಿಯ ಕರುಳು ಮನುಷ್ಯ ಮಗುವಿನ ಕರುಳಿನಂತಲ್ಲ ಎಂಬುದೂ ನಿಜ. ನನಗೆ ಇದರಲ್ಲಿ ಹೆಚ್ಚು ಒಪ್ಪುವಂತೆ ಕಾಣುವುದು ನಡುವಿನ ದಾರಿ: ರಕ್ತಕ್ಕೆ ಹೋಗಲೇಬೇಕು ಅಂತೇನಿದೆ? ಹಾಲು ನೇರವಾಗಿ ತಾಗುವುದು ಕರುಳಿನ ಗೋಡೆಗೆ. ಹುಟ್ಟಿದ ಮಗುವಿನಲ್ಲಿ ಆ ಗೋಡೆ ಇನ್ನೂ ಬಲಿಯುತ್ತಿರುತ್ತದೆ. ದೇಹದ ರೋಗನಿರೋಧಕ ಕೋಶಗಳಲ್ಲಿ ದೊಡ್ಡ ಪಾಲು ಇರುವುದೂ ಅಲ್ಲೇ. ಕೆಲಸ ನಡೆದರೆ ಅಲ್ಲಿಯೇ ನಡೆಯಬಹುದು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಕರುಳು ಕೊಳೆಯುವ ಒಂದು ಭೀಕರ ಕಾಯಿಲೆ ಬರುತ್ತದೆ, ಎನ್‌ಇಸಿ ಎನ್ನುತ್ತಾರೆ. ತಾಯಿ ಹಾಲು ಕುಡಿಯುವ ಮಕ್ಕಳಲ್ಲಿ ಇದು ಕಡಿಮೆ ಎಂಬುದು ಹಳೆಯ ಮತ್ತು ಗಟ್ಟಿ ಸಂಗತಿ. ಎಕ್ಸೋಸೋಮ್‌ಗಳನ್ನಷ್ಟೇ ಬೇರ್ಪಡಿಸಿ ಇಲಿಮರಿಗಳಿಗೆ ಕೊಟ್ಟಾಗಲೂ ಕರುಳಿಗೆ ರಕ್ಷಣೆ ಸಿಕ್ಕಿದೆ. ಅದರಲ್ಲಿ ಮೈಕ್ರೋಆರ್‌ಎನ್‌ಎಯ ಪಾಲು ಎಷ್ಟು, ಗುಳ್ಳೆಯಲ್ಲಿರುವ ಪ್ರೋಟೀನ್ ಮತ್ತು ಕೊಬ್ಬಿನ ಪಾಲು ಎಷ್ಟು ಎಂಬುದನ್ನು ಬಿಡಿಸುವುದೇ ಈಗಿನ ಕೆಲಸ.

ಅಲರ್ಜಿ, ತೂಕ, ಇನ್ನೂ ಏನೇನೋ

ಮನುಷ್ಯ ಮಕ್ಕಳ ಮೇಲೆ ಅಧ್ಯಯನ ಆಗಿಲ್ಲ ಅಂತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 160ಕ್ಕೂ ಹೆಚ್ಚು ತಾಯಿ-ಮಗು ಜೋಡಿಗಳನ್ನು ನೋಡಿದ ಒಂದು ಅಧ್ಯಯನ 2022ರಲ್ಲಿ ಬಂತು. ಹಾಲಿನ ಮೂಲಕ ಮಿರ್-375 ಜಾಸ್ತಿ ಸಿಕ್ಕ ಮಕ್ಕಳಲ್ಲಿ ಅಲರ್ಜಿ ಥರದ ತೊಂದರೆ ಕಡಿಮೆ ಕಂಡಿತು. ತಾಯಿಯ ತೂಕ ಜಾಸ್ತಿ ಇದ್ದಾಗ ಹಾಲಿನಲ್ಲಿ ಮಿರ್-148ಎ ಕಡಿಮೆ ಇರುತ್ತದೆ ಅಂತ ಇನ್ನೊಂದು ಅಧ್ಯಯನ ಹೇಳಿದೆ.

ಇವೆಲ್ಲ ನಂಟು ತೋರಿಸುವ ಅಧ್ಯಯನಗಳು. ಎರಡು ಸಂಗತಿ ಒಟ್ಟಿಗೆ ಕಂಡವು, ಅಷ್ಟೇ. ಒಂದರಿಂದಲೇ ಇನ್ನೊಂದು ಆಯಿತು ಅಂತ ಅಲ್ಲ. ತಾಯಿಯ ಊಟ, ಮನೆಯ ವಾತಾವರಣ, ಅಪ್ಪ ಅಮ್ಮನಿಗೆ ಇರುವ ಅಲರ್ಜಿ, ಎಲ್ಲವೂ ನಡುವೆ ಕೈಯಾಡಿಸಿರಬಹುದು. "ಎದೆಹಾಲಿನ ಮೈಕ್ರೋಆರ್‌ಎನ್‌ಎ ಅಲರ್ಜಿ ತಡೆಯುತ್ತದೆ" ಅಂತ ತಲೆಬರಹ ಕಂಡರೆ ಪ್ರಯೋಗ ನಡೆದದ್ದು ಪಾತ್ರೆಯಲ್ಲೋ, ಇಲಿಯಲ್ಲೋ, ಮಗುವಿನಲ್ಲೋ ಅಂತ ಒಮ್ಮೆ ಕೆಳಗೆ ಓದಿ ನೋಡಿ.

ಬಾಣಂತಿಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಕೊಡುವುದು ನಮ್ಮಲ್ಲಿ ಇದೆಯಲ್ಲ, ಅದನ್ನು ಇದಕ್ಕೆ ತಳಕು ಹಾಕುವವರೂ ಇದ್ದಾರು. ಇಂಥ ಅಡುಗೆ ತಿಂದರೆ ಹಾಲಿನ ಮೈಕ್ರೋಆರ್‌ಎನ್‌ಎ ಹೆಚ್ಚಿ ಮಗುವಿಗೆ ಒಳ್ಳೆಯದಾಗುತ್ತದೆ ಎನ್ನಲು ಆಧಾರ ಇಲ್ಲ. ರುಚಿಗೆ ತಿನ್ನಿ, ಬೇಡ ಅನ್ನುವವರು ಯಾರು.

ಪುಡಿ ಹಾಲು ಕುಡಿದ ಮಗುವಿನ ಗತಿ ಏನು?

ಈ ವಿಷಯ ಓದಿ ಮೊದಲು ಸಂಕಟ ಪಡುವವರು ಹಾಲು ಸಾಲದೆ ಡಬ್ಬಿ ಪುಡಿ ಕೊಡುತ್ತಿರುವ ತಾಯಂದಿರು. ಅಂಗಡಿಯ ಪುಡಿಯಲ್ಲಿ ಮೈಕ್ರೋಆರ್‌ಎನ್‌ಎ ಇಲ್ಲ ಅನ್ನುವಷ್ಟು ಕಡಿಮೆ, ಅದು ನಿಜ. ಪುಡಿ ಮಾಡುವಾಗಿನ ಬಿಸಿಗೆ ಎಕ್ಸೋಸೋಮ್‌ಗಳು ಒಡೆದುಹೋಗುತ್ತವೆ. ಆದರೆ ಮಗು ತನಗೆ ಬೇಕಾದ ಮೈಕ್ರೋಆರ್‌ಎನ್‌ಎಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹೊಟ್ಟೆಯಲ್ಲಿದ್ದಾಗಲೇ ಶುರು ಮಾಡಿರುತ್ತದೆ. ಹಾಲಿನಿಂದ ಬರದಿದ್ದರೆ ಮಿರ್-148ಎ ಇಲ್ಲದ ಮಗು ಅಂತ ಆಗುವುದಿಲ್ಲ.

ಹಸು ಹಾಲಿನಲ್ಲೂ ಅದೇ ಮಿರ್-148ಎ ಇದೆಯಲ್ಲ, ಅದನ್ನೇ ಕೊಟ್ಟರೆ? ಬೇಡ. ಒಂದು ವರ್ಷದೊಳಗಿನ ಮಗುವಿಗೆ ಹಸು ಹಾಲಿನಲ್ಲಿ ಕಬ್ಬಿಣದ ಅಂಶ ಸಾಲದು, ಪ್ರೋಟೀನ್ ಮತ್ತು ಲವಣ ಮೂತ್ರಪಿಂಡಕ್ಕೆ ಭಾರ. ಕತ್ತೆ ಹಾಲು ಶ್ರೇಷ್ಠ ಅಂತ ಬೀದಿಯಲ್ಲಿ ಕೂಗಿ ಒಳಲೆಯಲ್ಲಿ ಹಾಕಿಸುವವರು ನಮ್ಮ ಊರುಗಳಲ್ಲಿ ಈಗಲೂ ಬರುತ್ತಾರೆ, ಕಾಯಿಸದ ಆ ಹಾಲಿನಿಂದ ಸೋಂಕಿನ ಭಯವೂ ಇದೆ.

ಎದೆಹಾಲು ಒಳ್ಳೆಯದು ಅನ್ನಲು ಮೈಕ್ರೋಆರ್‌ಎನ್‌ಎಯ ಸಾಕ್ಷಿ ಬೇಕಾಗಿಯೂ ಇಲ್ಲ. ಸೋಂಕು ತಡೆಯುವ ಪ್ರತಿಕಾಯಗಳು, ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನ್, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟವಾಗುವ ವಿಶೇಷ ಸಕ್ಕರೆಗಳು, ಇವುಗಳ ಕೆಲಸ ಎಷ್ಟೋ ಗಟ್ಟಿಯಾಗಿ ಗೊತ್ತಿದೆ. ಮೊದಲ ಎರಡು ಮೂರು ದಿನದ ಹಳದಿ ಗಟ್ಟಿ ಹಾಲಿನಲ್ಲಿ ಪ್ರತಿಕಾಯ ತುಂಬಿರುತ್ತದೆ. ಹಸು ಕರು ಹಾಕಿದರೆ ಗಿಣ್ಣು ಮಾಡಿ ನಾವು ಚಪ್ಪರಿಸುತ್ತೇವೆ, ಮನುಷ್ಯ ಮಗುವಿನ ಪಾಲಿನ ಆ ಹಾಲನ್ನು ಹಿಂಡಿ ಚೆಲ್ಲಿ ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸುವ ಮನೆಗಳು ಇನ್ನೂ ಇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ಶೇ. 41.8 ಮಾತ್ರ. ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುತ್ತಿದ್ದವರು ಶೇ. 63.7.

ಫ್ರಿಜ್, ಮೈಕ್ರೋವೇವ್, ಹಾಲಿನ ಬ್ಯಾಂಕ್

ಕೆಲಸಕ್ಕೆ ಹೋಗುವ ತಾಯಂದಿರು ಹಾಲು ಹಿಂಡಿ ಇಡುತ್ತಾರೆ. ಹೆಪ್ಪುಗಟ್ಟಿಸಿ ಕರಗಿಸಿದರೂ ಹಾಲಿನ ಮೈಕ್ರೋಆರ್‌ಎನ್‌ಎ ಬಹುಮಟ್ಟಿಗೆ ಉಳಿಯುತ್ತದೆ. ಬಿಸಿ ಮಾತ್ರ ಅದಕ್ಕೆ ಆಗುವುದಿಲ್ಲ. ಹಸು ಹಾಲಿನ ಮೇಲೆ ನಡೆದ ಪರೀಕ್ಷೆಯಲ್ಲಿ ಮೈಕ್ರೋವೇವ್‌ನಲ್ಲಿ ಕಾಯಿಸಿದಾಗ ಒಂದು ಬಗೆಯ ಮೈಕ್ರೋಆರ್‌ಎನ್‌ಎ ಶೇ. 40ರಷ್ಟು ಕಡಿಮೆಯಾಯಿತು. ಆದರೆ ಎದೆಹಾಲನ್ನು ಮೈಕ್ರೋವೇವ್‌ಗೆ ಇಡಬಾರದು ಅನ್ನುವುದಕ್ಕೆ ಮುಖ್ಯ ಕಾರಣ ಬೇರೆ. ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಕುದಿಯುವಷ್ಟು ಬಿಸಿಯಾಗಿ ಮಗುವಿನ ಬಾಯಿ ಸುಡುತ್ತದೆ. ಬೆಚ್ಚಗಿನ ನೀರಿರುವ ಪಾತ್ರೆಯಲ್ಲಿ ಬಾಟಲಿ ಇಟ್ಟರೆ ಸಾಕು.

ಹಾಲಿನ ಬ್ಯಾಂಕ್‌ಗಳಲ್ಲಿ ಮಾತ್ರ ಬಿಸಿ ಮಾಡದೆ ವಿಧಿ ಇಲ್ಲ. ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಶುರುವಾದದ್ದು ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್, ಅದನ್ನು ಕಟ್ಟಿದವರು ಡಾ. ಆರ್ಮಿಡಾ ಫರ್ನಾಂಡಿಸ್. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಈಗ ಇಂಥ ಬ್ಯಾಂಕ್ ಇದೆ. ಬೇರೆ ತಾಯಂದಿರು ಕೊಟ್ಟ ಹಾಲನ್ನು ಇಲ್ಲಿ 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಡುತ್ತಾರೆ. ಎಚ್‌ಐವಿ ಸೇರಿದಂತೆ ಅಪಾಯದ ವೈರಸ್, ಬ್ಯಾಕ್ಟೀರಿಯಾ ಸಾಯುತ್ತವೆ. ಮೈಕ್ರೋಆರ್‌ಎನ್‌ಎಯೂ ಸಾಕಷ್ಟು ಹೋಗುತ್ತದೆ. ಹೀಗಿದ್ದೂ, ತಾಯಿಯ ಹಾಲು ಸಿಗದ, ತಿಂಗಳು ತುಂಬದ ಮಕ್ಕಳಿಗೆ ಬ್ಯಾಂಕಿನ ಈ ಹಾಲು ಕೊಟ್ಟರೆ ಪುಡಿ ಹಾಲು ಕೊಟ್ಟದ್ದಕ್ಕಿಂತ ಎನ್‌ಇಸಿ ಕಡಿಮೆ. ಬಿಸಿಯ ಬದಲು ಭಾರಿ ಒತ್ತಡ ಹಾಕಿ ರೋಗಾಣು ಕೊಲ್ಲುವ ವಿಧಾನವನ್ನೂ ಎದೆಹಾಲಿನ ಮೇಲೆ ಪರೀಕ್ಷಿಸುತ್ತಿದ್ದಾರೆ, ಅದರಲ್ಲಿ ಮೈಕ್ರೋಆರ್‌ಎನ್‌ಎ ಹೆಚ್ಚು ಉಳಿಯುತ್ತದೆ ಅಂತ ಈವರೆಗಿನ ಪರೀಕ್ಷೆಗಳು ತೋರಿಸಿವೆ.